ಎಲ್ಲಾ ದಮ್ಮೂ ಅಸ್ತಮಾ ಅಲ್ಲ

(ಮಹಿಳಾ ವೇದಿಕೆಯ ಆರೋಗ್ಯ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಸಂಚಾಲಕಿಯವರು ಹದಿನೈದು ದಿನದ ಹಿಂದೆ ಫೋನ್ ಮಾಡಿ, "ವೈನಿ, ಅಸ್ತಮಾ ಬಗ್ಗೆ ಅರ್ಧ ತಾಸು ಮಾತಾಡ್ರಿ, ನಿಮಗಿಂತ ಚೆನ್ನಾಗಿ ಯಾರು ಹೇಳ್ತಾರ?" ಅಂದರು. ನಾನು 31 ವರ್ಷ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಚಿಕ್ಕಂದಿನಿಂದ ಉಬ್ಬಸ ಇರುವವಳು ಎಂಬುದು ಅವರಿಗೆ ಗೊತ್ತು. ಒಪ್ಪಿಕೊಂಡೆ. ಆದರೆ ಅಸ್ತಮಾ ಒಂದನ್ನೇ ಅಲ್ಲ, ಅದರ ಜೊತೆಗೆ ಶ್ವಾಸಕೋಶದ ಕ್ಯಾನ್ಸರ್ ಬಂದರೆ ಏನಾಗುತ್ತದೆ ಅನ್ನುವುದನ್ನೂ ಹೇಳುತ್ತೇನೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಹಬ್ಬ ಹತ್ತಿರ ಬಂತು, ಅದೆಲ್ಲ ಯಾಕ್ರಿ?" ಅಂದರು. "ನನಗ ಆಗಿದ್ದನ್ನ ಹೇಳ್ತೀನಿ, ಅಷ್ಟ" ಅಂದೆ. ನಮ್ಮ ಸಂಘದಲ್ಲಿ ಎಷ್ಟೋ ಜನಕ್ಕೆ ನನಗೆ ಆಪರೇಷನ್ ಆಗಿದ್ದು ಗೊತ್ತು, ಯಾವ ಆಪರೇಷನ್ ಅನ್ನುವುದು ಗೊತ್ತಿಲ್ಲ. ಮುಚ್ಚಿಟ್ಟವಳು ನಾನೇ. ಇವತ್ತು ಹೇಳಿಬಿಡುತ್ತೇನೆ.

ಹೈದರಾಬಾದಿನ ಕನ್ನಡದ ಮನೆಗಳಿಗೆ ಈ ವಿಷಯ ಬೇಕಾಗಲು ಇನ್ನೊಂದು ಕಾರಣವೂ ಇದೆ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಎಲ್ಲಾ ಈ ಊರಿಗೇ ಸೇರಿದ್ದವು. ಗಡಿ ಬದಲಾದರೂ ಕಾಯಿಲೆ ಬಂದರೆ ಜನ ರೈಲು ಹತ್ತುವುದು ಇವತ್ತಿಗೂ ಹೈದರಾಬಾದಿಗೇ. ನಿಮ್ಸ್‌ಗೆ ಬಂದವರು, ರೆಡ್‌ಹಿಲ್ಸ್‌ನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಗೆ ಬಂದವರು, ಬಂಜಾರಾ ಹಿಲ್ಸ್‌ನ ಬಸವತಾರಕಂಗೆ ಬಂದವರು ನಮ್ಮ ನಮ್ಮ ಮನೆಗಳಲ್ಲೇ ಇಳಿದುಕೊಳ್ಳುತ್ತಾರೆ. ಕೀಮೋ ಮುಗಿಸಿ ಬಂದ ಚಿಕ್ಕಮ್ಮನಿಗೆ ಗಂಜಿ ಕಾಯಿಸುವವರು ನಾವು. ರಾತ್ರಿ ಎರಡು ಗಂಟೆಗೆ ಅವರಿಗೆ ದಮ್ಮು ಹತ್ತಿದರೆ ಪಕ್ಕದಲ್ಲಿ ಇರುವವರೂ ನಾವೇ. ಆ ಹೊತ್ತಿಗೆ ಇದು ಅಸ್ತಮಾನೋ ಬೇರೇನೋ ಎಂದು ಯೋಚಿಸಲು ತಿಳಿದಿರಬೇಕು.

ನಾನು ಹುಟ್ಟಿ ಬೆಳೆದದ್ದು ಕಲಬುರಗಿಯಲ್ಲಿ. ಒಂಬತ್ತನೇ ವಯಸ್ಸಿಗೆ ಉಬ್ಬಸ ಶುರುವಾಯಿತು. ಅವ್ವ ಎದೆಗೆ ಎಣ್ಣೆ ತಿಕ್ಕುತ್ತಿದ್ದಳು, ಬಹಳ ಆದರೆ ಡಾಕ್ಟರು ಡೆರಿಫಿಲಿನ್ ಸೂಜಿ ಹಾಕುತ್ತಿದ್ದರು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಇನ್ಹೇಲರ್ ಹಿಡಿದೆ. ಅತ್ತೆಯವರು ಬಹಳ ದಿನ ಅದನ್ನು "ಪಂಪು" ಅನ್ನುತ್ತಿದ್ದರು, ಬೀಗರ ಮುಂದೆ ಎಳೆಯಬೇಡ ಅಂತಲೂ ಹೇಳುತ್ತಿದ್ದರು. ಅದೆಲ್ಲ ಹಳೆಯ ಕಥೆ. 2021ರ ಹೊತ್ತಿಗೆ ನನ್ನ ಅಸ್ತಮಾ ನನ್ನ ಹಿಡಿತದಲ್ಲಿತ್ತು. ಬೆಳಿಗ್ಗೆ, ಸಂಜೆ ಬುಡೆಸೊನೈಡ್ ಮತ್ತು ಫಾರ್ಮೋಟೆರಾಲ್ ಸೇರಿದ ಇನ್ಹೇಲರ್. ಅಸ್ತಾಲಿನ್ ಬೇಕಾಗುತ್ತಿದ್ದದ್ದು ತಿಂಗಳಿಗೆ ಒಂದೋ ಎರಡೋ ಸಲ. ಪೀಕ್ ಫ್ಲೋ ಮೀಟರ್ ಎಂಬ ಪುಟ್ಟ ಕೊಳವೆ ಇದೆ, ಅದರಲ್ಲಿ ಜೋರಾಗಿ ಊದಿದರೆ ಉಸಿರಿನ ವೇಗ ತೋರಿಸುತ್ತದೆ. ನನ್ನದು ಒಳ್ಳೆಯ ದಿನಗಳಲ್ಲಿ 380. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ವರ್ಷ ದೀಪಾವಳಿ ಪಟಾಕಿ ಹೊಗೆಗೆ ಕೆಮ್ಮು ಹಿಡಿಯಿತು. ಪ್ರತಿ ವರ್ಷ ಹಿಡಿಯುವುದೇ. ಆದರೆ ಈ ಸಲ ಹೋಗಲಿಲ್ಲ. ಡಿಸೆಂಬರ್‌ನಲ್ಲಿ ಚಳಿ ಅಂದೆ, ಸಂಕ್ರಾಂತಿಯಲ್ಲಿ ಭೋಗಿ ಬೆಂಕಿಯ ಹೊಗೆ ಅಂದೆ. ಕೋವಿಡ್ ಪರೀಕ್ಷೆ ಮಾಡಿಸಿದೆ, ಇಲ್ಲ ಅಂತ ಬಂತು, ಸಮಾಧಾನವಾಯಿತು. ನೋಡಿಸಿಕೊಂಡ ವೈದ್ಯರು ಇದು ನಿಮ್ಮ ಅಸ್ತಮಾವೇ, ಸ್ವಲ್ಪ ಕೆರಳಿದೆ ಎಂದು ಇನ್ಹೇಲರ್ ಡೋಸ್ ಹೆಚ್ಚಿಸಿ ಐದು ದಿನ ಪ್ರೆಡ್ನಿಸೊಲೋನ್ ಮಾತ್ರೆ ಕೊಟ್ಟರು. ಕೆಮ್ಮು ಕಡಿಮೆಯಾಯಿತು! ಅಸ್ತಮಾವೇ ಇದ್ದಿರಬೇಕು ಎಂದು ನಾನೂ ನಂಬಿದೆ. ಅದೇ ನಮ್ಮಿಬ್ಬರನ್ನೂ ದಾರಿ ತಪ್ಪಿಸಿತು. ಸ್ಟೀರಾಯ್ಡ್ ಮಾತ್ರೆ ಅಸ್ತಮಾದ ಊತವನ್ನು ಇಳಿಸುವ ಹಾಗೆಯೇ ಗಡ್ಡೆಯ ಸುತ್ತಲಿನ ಊತವನ್ನೂ ಇಳಿಸಬಲ್ಲದು. ಮಾತ್ರೆಯಿಂದ ಆರಾಮಾಯಿತು ಅಂದ ಮಾತ್ರಕ್ಕೆ ಅದು ಅಸ್ತಮಾ ಎಂದು ಸಾಬೀತಾಗುವುದಿಲ್ಲ. ಔಷಧಾಲಯದಲ್ಲಿ ಇಡೀ ಜೀವನ ಕಳೆದ ನನಗೆ ಇದು ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ.

ಫೆಬ್ರವರಿಯಲ್ಲಿ ಮತ್ತೆ ಶುರುವಾದಾಗ ಎದೆಯ ಎಕ್ಸ್‌ರೇ ಮಾಡಿಸಿ ಅಂದರು. ನನ್ನ ಮಗಳ ಬಾಣಂತನ ಪುಣೆಯಲ್ಲಿ. ಬಂದ ಮೇಲೆ ಮಾಡಿಸಿದರಾಯಿತು ಅಂದೆ. ಮೂರು ತಿಂಗಳು ಅಲ್ಲೇ ಇದ್ದೆ. ಮೊಮ್ಮಗನಿಗೆ ಎಣ್ಣೆ ನೀರು, ಮಗಳಿಗೆ ಪಥ್ಯ, ಒಲೆಯ ಮುಂದೆ ಒಗ್ಗರಣೆ ಘಾಟು, ಕೆಮ್ಮು. ಆ ಮೂರು ತಿಂಗಳಲ್ಲಿ ಐದು ಕಿಲೋ ಇಳಿದೆ. ನಿಜ ಹೇಳಲಾ? ಖುಷಿಯಾಗಿತ್ತು. ಎಷ್ಟು ವರ್ಷದಿಂದ ಇಳಿಸಬೇಕು ಅಂದುಕೊಂಡದ್ದು ತಾನಾಗಿಯೇ ಇಳಿಯಿತು ಅಂತ ಹಳೆಯ ರವಿಕೆಗಳನ್ನು ಹುಡುಕಿ ತೆಗೆದು ತೊಟ್ಟೆ.

ಈಗ ಹಿಂತಿರುಗಿ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಅಸ್ತಮಾದ ಶಿಳ್ಳೆ ಎದೆಯ ಎರಡೂ ಕಡೆ ಇರುತ್ತದೆ, ಬರುತ್ತದೆ ಹೋಗುತ್ತದೆ, ಬೆಳಗಿನ ಜಾವ ಹೆಚ್ಚು, ಅಸ್ತಾಲಿನ್ ಎಳೆದ ಹತ್ತು ಹದಿನೈದು ನಿಮಿಷಕ್ಕೆ ಇಳಿಯುತ್ತದೆ. ನನಗೆ ಆಗ ಇದ್ದ ಶಿಳ್ಳೆ ಬಲಗಡೆ ಮಾತ್ರ. ಹಗಲು ರಾತ್ರಿ ಒಂದೇ ಸಮ. ಅಸ್ತಾಲಿನ್‌ಗೆ ಜಗ್ಗುತ್ತಿರಲಿಲ್ಲ, ಕೈ ನಡುಗುತ್ತಿತ್ತು ಅಷ್ಟೇ. ಜೊತೆಗೆ ಭುಜದ ಹಿಂದೆ ಒಂದು ನೋವು. ಅದಕ್ಕೆ ಮೊಮ್ಮಗನನ್ನು ಎತ್ತಿಕೊಂಡದ್ದು ಕಾರಣ ಎಂದು ನಾನೇ ತೀರ್ಮಾನ ಮಾಡಿದ್ದೆ. ಮೇ ಕೊನೆಯಲ್ಲಿ ಒಂದು ಬೆಳಿಗ್ಗೆ ಕಫದಲ್ಲಿ ಕೆಂಪು ಎಳೆ ಕಂಡಿತು. ಅವತ್ತೇ ಎಕ್ಸ್‌ರೇ ಮಾಡಿಸಿದೆ.

ಎಕ್ಸ್‌ರೇಯಲ್ಲಿ ಒಂದು ಮಚ್ಚೆ. ನಮ್ಮ ದೇಶದಲ್ಲಿ ಎದೆಯಲ್ಲಿ ಮಚ್ಚೆ ಅಂದರೆ ಮೊದಲು ನೆನಪಾಗುವುದು ಕ್ಷಯ. ತಪ್ಪೇನಲ್ಲ, ನಮ್ಮಲ್ಲಿ ಕ್ಷಯ ಅಷ್ಟಿದೆ. ಆದರೆ ಕಫದ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಕ್ಷಯದ ಮಾತ್ರೆ ಶುರುಮಾಡಿ ತಿಂಗಳುಗಟ್ಟಲೆ ನುಂಗಿ, ಆಮೇಲೆ ಕ್ಯಾನ್ಸರ್ ಎಂದು ಗೊತ್ತಾದವರನ್ನು ನಾನು ನನ್ನ ಕೌಂಟರಿನ ಮುಂದೆಯೇ ಕಂಡಿದ್ದೇನೆ. ನನ್ನ ಪುಣ್ಯ, ಎರಡನೇ ವೈದ್ಯರು ಕಫದ ಪರೀಕ್ಷೆಯ ಜೊತೆಗೇ ಸಿ.ಟಿ. ಸ್ಕ್ಯಾನಿಗೂ ಬರೆದರು. ಬಲ ಶ್ವಾಸಕೋಶದ ಮೇಲಿನ ಹಾಲೆಯಲ್ಲಿ 3 ಸೆಂಟಿಮೀಟರಿನ ಗಡ್ಡೆ, ಪಕ್ಕದ ಉಸಿರುನಾಳವನ್ನು ಒತ್ತಿಕೊಂಡಿತ್ತು. ನನ್ನ ಶಿಳ್ಳೆ ಬರುತ್ತಿದ್ದದ್ದು ಅಲ್ಲಿಂದ. ಬ್ರಾಂಕೋಸ್ಕೋಪಿ ಮಾಡಿ ಚೂರು ತೆಗೆದು ನೋಡಿದರು: ಅಡಿನೊಕಾರ್ಸಿನೋಮ. ಹತ್ತಿರದ ಒಂದು ದುಗ್ಧಗ್ರಂಥಿಗೆ ತಲುಪಿತ್ತು, ಅದರಾಚೆಗೆ ಹೋಗಿರಲಿಲ್ಲ. ಎರಡನೇ ಹಂತ. ದೀಪಾವಳಿಯಿಂದ ಏಳು ತಿಂಗಳು ಆಗಿತ್ತು.

ಸುದ್ದಿ ಗೊತ್ತಾದ ನಾಲ್ಕಾರು ಜನ ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಯಜಮಾನರು ಸಿಗರೇಟ್ ಸೇದ್ತಿದ್ರಾ?" ಪಾಪ, ಅವರು ಅಡಿಕೆ ಚೂರನ್ನೂ ಬಾಯಿಗೆ ಹಾಕಿದವರಲ್ಲ. ಬೀಡಿ ಸಿಗರೇಟೇ ಈ ಕ್ಯಾನ್ಸರಿನ ದೊಡ್ಡ ಕಾರಣ, ಅದರಲ್ಲಿ ಅನುಮಾನ ಬೇಡ. ಆದರೆ ಒಮ್ಮೆಯೂ ಸೇದದ ಹೆಂಗಸರಿಗೂ ಇದು ಬರುತ್ತದೆ, ಅದರಲ್ಲೂ ನಮ್ಮ ಏಷ್ಯಾದ ಹೆಂಗಸರಲ್ಲಿ, ಹೆಚ್ಚಾಗಿ ಅಡಿನೊಕಾರ್ಸಿನೋಮ ಎಂಬ ಈ ಬಗೆಯೇ. ಹೊರಗಿನ ಗಾಳಿಯ ಮಾಲಿನ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2013ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮನೆಯೊಳಗೆ ಕಲ್ಲಿದ್ದಲು ಉರಿಸಿದ ಹೊಗೆಯೂ ಅದೇ ಗುಂಪಿನಲ್ಲಿದೆ, ಕಟ್ಟಿಗೆ ಒಲೆಯ ಹೊಗೆ ಅದರ ಕೆಳಗಿನ ಗುಂಪಿನಲ್ಲಿದೆ. ನನಗೆ ಯಾವುದರಿಂದ ಬಂತು? ಯಾರಿಂದಲೂ ಹೇಳಲು ಆಗುವುದಿಲ್ಲ. ಕೇಳುವುದನ್ನು ಬಿಟ್ಟಿದ್ದೇನೆ.

ಇನ್ನೊಂದು ಪ್ರಶ್ನೆ ನನ್ನ ಸ್ವಂತ ತಂಗಿಯದು. "ಅಕ್ಕಾ, ಇಷ್ಟು ವರ್ಷ ಆ ಸ್ಟೀರಾಯ್ಡ್ ಪಂಪ್ ಎಳೆದಿದ್ದಕ್ಕ ಹಿಂಗಾತೇನು?" ಇಲ್ಲ. ಇನ್ಹೇಲರಿನಿಂದ ಕ್ಯಾನ್ಸರ್ ಬರುವುದಿಲ್ಲ. ಲೆಕ್ಕ ನೋಡಿ. ಇನ್ಹೇಲರಿನ ಒಂದು ಎಳೆತದಲ್ಲಿ 200 ಮೈಕ್ರೋಗ್ರಾಂ ಬುಡೆಸೊನೈಡ್ ಇರುತ್ತದೆ ಅನ್ನೋಣ. 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ನುಂಗಿದರೆ ಅದು 40,000 ಮೈಕ್ರೋಗ್ರಾಂ. ಎರಡೂ ಬೇರೆ ಬೇರೆ ಔಷಧಿ, ನೇರ ಹೋಲಿಕೆ ಸರಿಯಲ್ಲ, ಆದರೂ ಅಳತೆಯ ಅಂದಾಜು ಸಿಗುತ್ತದಲ್ಲ? ಭಯಪಟ್ಟು ಇನ್ಹೇಲರ್ ಬಿಟ್ಟವರೇ ಕೊನೆಗೆ ಮಾತ್ರೆ, ಸೂಜಿ ಎಂದು ದೊಡ್ಡ ಸ್ಟೀರಾಯ್ಡಿಗೆ ಬಂದು ನಿಲ್ಲುತ್ತಾರೆ.

ಈಗ ಚಿಕಿತ್ಸೆಗೆ ಬರೋಣ. ನನಗೆ ಮೊದಲು ಆಪರೇಷನ್ ಎಂದು ತೀರ್ಮಾನವಾಯಿತು, ಬಲಗಡೆಯ ಮೂರು ಹಾಲೆಗಳಲ್ಲಿ ಮೇಲಿನದನ್ನು ತೆಗೆಯುವುದು. ತೆಗೆದ ಮೇಲೆ ಉಳಿದದ್ದು ಸಾಕಾಗುತ್ತದಾ ಎಂದು ನೋಡಲು ಸ್ಪೈರೋಮೆಟ್ರಿ ಮಾಡಿಸಿದರು. ಅಸ್ತಮಾ ಇದ್ದವರಿಗೆ ಇಲ್ಲಿ ಒಂದು ತೊಡಕಿದೆ. ಅಸ್ತಮಾ ಕೆರಳಿದ ದಿನ ಪರೀಕ್ಷೆ ಮಾಡಿದರೆ ಶ್ವಾಸಕೋಶ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ, ಆಪರೇಷನ್ ತಾಳಿಕೊಳ್ಳುವುದಿಲ್ಲ ಎಂದು ತಪ್ಪು ಲೆಕ್ಕ ಬರಬಹುದು. ನನಗೆ ಔಷಧಿ ಕೊಟ್ಟು ಮೊದಲೊಮ್ಮೆ, ಆಮೇಲೊಮ್ಮೆ ಅಳೆದರು. ಅಸ್ತಮಾ ಹತೋಟಿಗೆ ಬರಲಿ ಎಂದು ಆಪರೇಷನ್ ಎರಡು ವಾರ ಮುಂದೆ ಹಾಕಿದರು. ಕ್ಯಾನ್ಸರ್ ಇಟ್ಟುಕೊಂಡು ಎರಡು ವಾರ ಕಾಯುವುದಾ ಎಂದು ನನ್ನ ಮಗ ಸಿಟ್ಟಾದ. ಆ ಎರಡು ವಾರ ದಂಡವಾಗಲಿಲ್ಲ. ಮೂರು ಚೆಂಡಿನ ಆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಸಿರು ಎಳೆದು ಚೆಂಡು ಮೇಲಕ್ಕೆತ್ತುವ ಅಭ್ಯಾಸ ಮಾಡಿಕೊಂಡೆ. ಕೆರಳಿದ ಉಸಿರುನಾಳಕ್ಕೆ ಅರಿವಳಿಕೆಯ ಕೊಳವೆ ಇಳಿಸುವುದು ಅಪಾಯ ಎಂದು ಅರಿವಳಿಕೆಯ ಡಾಕ್ಟರ್ ಮಗನನ್ನು ಕೂರಿಸಿ ಹೇಳಿದ ಮೇಲೆ ಅವನೂ ಸುಮ್ಮನಾದ.

ಆಪರೇಷನ್‌ಗೆ ಮೊದಲು ನಾನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ: ಹಿಂದೆ ಯಾವಾಗ ಸ್ಟೀರಾಯ್ಡ್ ಮಾತ್ರೆ ನುಂಗಿದ್ದೆ, ಎಷ್ಟು ದಿನ, ಬ್ರುಫೆನ್ ತರಹದ ನೋವಿನ ಮಾತ್ರೆ ನನಗೆ ದಮ್ಮು ತರಿಸುತ್ತದೆ. ಅಸ್ತಮಾ ಇರುವ ಎಲ್ಲರಿಗೂ ಹಾಗಾಗುವುದಿಲ್ಲ, ಕೆಲವರಿಗೆ ಆಗುತ್ತದೆ, ಆಗುವವರಿಗೆ ಜೋರಾಗಿಯೇ ಆಗುತ್ತದೆ. ಎದೆಯ ಆಪರೇಷನ್ ಆದ ಮೇಲೆ ನೋವಿನ ಔಷಧಿ ಬೇಕೇ ಬೇಕು. ನೋವಿಗೆ ಹೆದರಿ ಕೆಮ್ಮದೆ ಇದ್ದರೆ ಕಫ ಒಳಗೇ ನಿಂತು ನ್ಯುಮೋನಿಯಾ ಆಗುತ್ತದೆ. ಆದ್ದರಿಂದ ಯಾವ ನೋವಿನ ಔಷಧಿ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಮೊದಲೇ ಗೊತ್ತಿರಬೇಕು.

ಆಪರೇಷನ್ ಚೆನ್ನಾಗಿ ಆಯಿತು. ತೊಂದರೆ ಶುರುವಾದದ್ದು ಮನೆಗೆ ಬಂದ ಮೇಲೆ, ಅದೂ ನನ್ನ ಕೈಯಿಂದಲೇ. ಪೀಕ್ ಫ್ಲೋ ನೋಡಿಕೊಳ್ಳುವವರಿಗೆ ಒಂದು ಲೆಕ್ಕ ಹೇಳಿಕೊಟ್ಟಿರುತ್ತಾರೆ. ನಿಮ್ಮ ಅತ್ಯುತ್ತಮ ಸಂಖ್ಯೆಯ ನೂರಕ್ಕೆ 80ರ ಮೇಲೆ ಇದ್ದರೆ ಹಸಿರು, 50ರಿಂದ 80 ಹಳದಿ, 50ರ ಕೆಳಗೆ ಕೆಂಪು. ನನ್ನ ಅತ್ಯುತ್ತಮ 380. ಹಸಿರು ಅಂದರೆ 304ರ ಮೇಲೆ. ಆಪರೇಷನ್ ಆಗಿ ಎರಡು ತಿಂಗಳಾದರೂ ನಾನು ಊದಿದರೆ 290. ದಿನಾ ಹಳದಿ. ಅಸ್ತಮಾ ಕೆರಳಿದೆ ಎಂದುಕೊಂಡು ಅಸ್ತಾಲಿನ್ ಎಳೆದೆ, ಎದೆ ಡವಡವ ಎಂದಿತು. ಮನೆಯಲ್ಲಿದ್ದ ಪ್ರೆಡ್ನಿಸೊಲೋನ್ ಮೂರು ದಿನ ನುಂಗಿಯೂ ಬಿಟ್ಟೆ, ಯಾರನ್ನೂ ಕೇಳದೆ. ಸಂಖ್ಯೆ ಕದಲಲಿಲ್ಲ. ಹೇಗೆ ಕದಲೀತು? ಶ್ವಾಸಕೋಶದ ಒಂದು ಭಾಗವೇ ಇಲ್ಲ. ಹಳೆಯ 380 ಇನ್ನು ಬರುವುದಿಲ್ಲ. ಎದೆರೋಗದ ವೈದ್ಯರು ನನ್ನ ಪುಸ್ತಕ ನೋಡಿ ನಕ್ಕುಬಿಟ್ಟರು. ಗಾಯ ಮಾಗಿದ ಮೇಲೆ, ಅಸ್ತಮಾ ಚೆನ್ನಾಗಿರುವ ಎರಡು ವಾರ ದಿನಾ ಊದಿ ಹೊಸ ಅತ್ಯುತ್ತಮ ಸಂಖ್ಯೆ ಕಂಡುಕೊಳ್ಳಿ ಅಂದರು. ನನ್ನದು 310 ಬಂತು. 310ಕ್ಕೆ 80ರ ಲೆಕ್ಕ 248. ಅಂದರೆ ನಾನು ಗಾಬರಿಯಾಗಿದ್ದ 290 ಪೂರ್ತಿ ಹಸಿರು! ಎದೆಯ ಆಪರೇಷನ್ ಆದ ಅಸ್ತಮಾದವರು ಯಾರೇ ಸಿಕ್ಕರೂ ನಾನು ಮೊದಲು ಕೇಳುವುದು, ಹೊಸ ಸಂಖ್ಯೆ ಬರೆದುಕೊಂಡಿರಾ ಅಂತ.

ಆಮೇಲೆ ಕೀಮೋ, 21 ದಿನಕ್ಕೊಂದರಂತೆ ನಾಲ್ಕು ಸಲ, ಪೆಮೆಟ್ರೆಕ್ಸೆಡ್ ಮತ್ತು ಸಿಸ್ಪ್ಲಾಟಿನ್. ಪೆಮೆಟ್ರೆಕ್ಸೆಡ್ ಕೊಡುವಾಗ ಹಿಂದಿನ ದಿನ, ಅವತ್ತು, ಮರುದಿನ, ಹೀಗೆ ಮೂರು ದಿನ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ, ಮೈಮೇಲೆ ಗಂಧೆ ಏಳಬಾರದು ಅಂತ. ವಾಂತಿ ತಡೆಯಲೂ ಅದು ಸಹಾಯ. ಅಸ್ತಮಾದ ದೃಷ್ಟಿಯಿಂದ ಆ ಮೂರು ದಿನ ಹಬ್ಬ. ಹೊಟ್ಟೆ ತೊಳಸುತ್ತದೆ, ಬಾಯಿ ರುಚಿ ಇಲ್ಲ, ಆದರೆ ಎದೆ ಅಷ್ಟು ಹಗುರ! ಮೊದಲ ಕೀಮೋದಲ್ಲಿ ನಾನು, ಇಷ್ಟು ಚೆನ್ನಾಗಿದೆಯಲ್ಲ, ಬಾಯಿಯೂ ಕಹಿಯಾಗಿದೆ, ಇನ್ಹೇಲರ್ ನಾಲ್ಕು ದಿನ ಬಿಡೋಣ ಎಂದು ಬಿಟ್ಟೆ. ಐದನೇ ದಿನ ಡೆಕ್ಸಾ ಪ್ರಭಾವ ಇಳಿಯಿತು. ಆರನೇ ರಾತ್ರಿ ಮಲಗಲು ಆಗಲಿಲ್ಲ, ಕುರ್ಚಿಯಲ್ಲಿ ಕೂತು ಬೆಳಗು ಮಾಡಿದೆ. ಅದೇ ಹೊತ್ತಿಗೆ ಬಿಳಿ ರಕ್ತಕಣಗಳು ಇಳಿಯಲು ಶುರುವಾಗುತ್ತವೆ. ಸಾಮಾನ್ಯವಾಗಿ ಏಳನೇ ದಿನದಿಂದ ಹದಿನಾಲ್ಕನೇ ದಿನದ ಒಳಗೆ ಅವು ತೀರಾ ಕಡಿಮೆ. ಆಗ ಒಂದು ಸಣ್ಣ ನೆಗಡಿ ಹತ್ತಿದರೂ ಅಸ್ತಮಾ ಕೆರಳುತ್ತದೆ, ಸೋಂಕೂ ಜೋರಾಗುತ್ತದೆ, ಎರಡೂ ಒಟ್ಟಿಗೆ. ಎರಡನೇ ಕೀಮೋದಿಂದ ಒಂದು ದಿನವೂ ಇನ್ಹೇಲರ್ ತಪ್ಪಿಸಲಿಲ್ಲ. ಸ್ಪೇಸರ್ ಹಾಕಿ ಎಳೆದು, ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದೆ. ಕೀಮೋದಿಂದ ಬಾಯಿ ಹುಣ್ಣು, ಇನ್ಹೇಲರಿನಿಂದ ಬಾಯಲ್ಲಿ ಬಿಳಿ ಅಗ್ಗು, ಎರಡೂ ಸೇರಿದರೆ ಮೊಸರನ್ನವೂ ನುಂಗಲು ಆಗುವುದಿಲ್ಲ.

ಮನೆಯವರು ಗೋಡೆಗೆ ಅಂಟಿಸಿಕೊಳ್ಳಬೇಕಾದ ಸಂಖ್ಯೆ 100.4. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ರಾತ್ರಿಯೇ ಇರಲಿ, ಹಬ್ಬವೇ ಇರಲಿ, ಆಸ್ಪತ್ರೆಗೆ ಹೊರಡಬೇಕು. ಒಂದು ಕ್ರೋಸಿನ್ ಕೊಟ್ಟು ಬೆಳಗಾಗಲಿ ನೋಡೋಣ ಅನ್ನಬಾರದು.

ಕೀಮೋ ಸಮಯದಲ್ಲಿ ಬರುವ ಏದುಸಿರೆಲ್ಲಾ ಅಸ್ತಮಾ ಅಲ್ಲ. ಮೂರನೇ ಕೀಮೋ ಹೊತ್ತಿಗೆ ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ. ಶಿಳ್ಳೆ ಇಲ್ಲ, ಪೀಕ್ ಫ್ಲೋ 300. ರಕ್ತ ನೋಡಿದರೆ ಹಿಮೋಗ್ಲೋಬಿನ್ ಎಂಟರ ಹತ್ತಿರ. ಅದಕ್ಕೆ ಅಸ್ತಾಲಿನ್ ಏನು ಮಾಡೀತು? ನಮ್ಮ ಪಕ್ಕದ ಹಾಸಿಗೆಯಲ್ಲಿದ್ದ ರಾಯಚೂರಿನ ಅಜ್ಜಿಗೆ ಒಂದು ಕಾಲು ಊದಿಕೊಂಡಿತ್ತು, ಒಂದು ದಿನ ಇದ್ದಕ್ಕಿದ್ದಂತೆ ಏದುಸಿರು ಹತ್ತಿತು. ಮನೆಯವರು ಹಳೆಯ ದಮ್ಮು ಎಂದು ನೆಬ್ಯುಲೈಜರ್ ಕೇಳುತ್ತಿದ್ದರು. ಅದು ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡದ್ದು. ನರ್ಸಮ್ಮನಿಗೆ ಅನುಮಾನ ಬಂದದ್ದರಿಂದ ಅಜ್ಜಿ ಉಳಿದರು. ಶಿಳ್ಳೆ ಇದೆಯಾ, ಪೀಕ್ ಫ್ಲೋ ಇಳಿದಿದೆಯಾ, ಅಸ್ತಾಲಿನ್‌ಗೆ ಇಳಿಯುತ್ತಾ? ಮೂರಕ್ಕೂ ಇಲ್ಲ ಅಂದರೆ ಇದು ಬೇರೆ ಏನೋ ಎಂದು ತಿಳಿದು ಫೋನ್ ಎತ್ತಿಕೊಳ್ಳಿ.

ರೇಡಿಯೇಷನ್ ನನಗೆ ಕೊಡಲಿಲ್ಲ. ಜೊತೆಯವರಲ್ಲಿ ನೋಡಿದ್ದನ್ನು ಹೇಳುತ್ತೇನೆ. ಅದರ ತೊಂದರೆ ಕೊಡುವಾಗ ಕಾಣುವುದಿಲ್ಲ, ಎಲ್ಲಾ ಮುಗಿದು ಒಂದರಿಂದ ಆರು ತಿಂಗಳ ಒಳಗೆ ಒಣ ಕೆಮ್ಮು, ಸಣ್ಣ ಜ್ವರ, ಏದುಸಿರು ಬರಬಹುದು. ಕಿರಣ ಬಿದ್ದ ಜಾಗದ ಶ್ವಾಸಕೋಶ ಊದಿಕೊಂಡಿರುತ್ತದೆ. ಅಷ್ಟು ಹೊತ್ತಿಗೆ ರೇಡಿಯೇಷನ್ ಮರೆತೇಹೋಗಿರುವುದರಿಂದ ಜನ ಅಸ್ತಮಾ ಎಂದುಕೊಳ್ಳುತ್ತಾರೆ. ಇಮ್ಯುನೊಥೆರಪಿಯದೂ ಹೆಚ್ಚುಕಡಿಮೆ ಇದೇ ಕಥೆ. ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್ ಮೊದಲಾದ ಔಷಧಿಗಳು ದೇಹದ ಕಾವಲುಗಾರರನ್ನು ಎಬ್ಬಿಸಿ ಗಡ್ಡೆಯ ಮೇಲೆ ಬಿಡುತ್ತವೆ. ಈ ದಾರಿ ತೋರಿಸಿಕೊಟ್ಟ ಅಲಿಸನ್ ಮತ್ತು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಆದರೆ ಎದ್ದ ಕಾವಲುಗಾರರು ಕೆಲವೊಮ್ಮೆ ಒಳ್ಳೆಯ ಶ್ವಾಸಕೋಶದ ಮೇಲೂ ಬೀಳುತ್ತಾರೆ. ಅದನ್ನು ನ್ಯುಮೊನೈಟಿಸ್ ಅನ್ನುತ್ತಾರೆ. ಅದಕ್ಕೆ ದೊಡ್ಡ ಡೋಸ್ ಸ್ಟೀರಾಯ್ಡ್ ವಾರಗಟ್ಟಲೆ ಕೊಟ್ಟು ನಿಧಾನ ಇಳಿಸಬೇಕಾಗುತ್ತದೆ, ಒಮ್ಮೆಲೇ ನಿಲ್ಲಿಸಬಾರದು. ಈ ಚಿಕಿತ್ಸೆ ಶುರುವಾಗುವ ಹೊತ್ತಿಗೆ ಅಸ್ತಮಾಕ್ಕೆಂದು ದಿನಾ 10 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ನುಂಗುತ್ತಿದ್ದರೆ ಔಷಧಿಯ ಫಲ ಕುಗ್ಗಬಹುದು ಎಂದು ವೈದ್ಯರು ಎಚ್ಚರ ವಹಿಸುತ್ತಾರೆ. ಇನ್ಹೇಲರಿಗೆ ಈ ಮಾತು ಅನ್ವಯಿಸುವುದಿಲ್ಲ. ಆದ್ದರಿಂದ ಇನ್ಹೇಲರಿನಲ್ಲೇ ಅಸ್ತಮಾ ಹಿಡಿದಿಟ್ಟುಕೊಂಡವರಿಗೆ ಇಲ್ಲಿ ದೊಡ್ಡ ಅನುಕೂಲ.

ನನ್ನ ಗಡ್ಡೆಯ ಚೂರಿನಲ್ಲಿ ಇ.ಜಿ.ಎಫ್.ಆರ್. ಎಂಬ ಜೀನಿನಲ್ಲಿ ಬದಲಾವಣೆ ಇತ್ತು. ಸೇದದ ಹೆಂಗಸರಲ್ಲಿ ಇದು ಹೆಚ್ಚು ಸಿಗುತ್ತದೆ, ಈ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ಬದಲಾವಣೆ ಇದ್ದರೆ ಮಾತ್ರೆಯ ಚಿಕಿತ್ಸೆ ಇದೆ. ನಾನು ಒಸಿಮರ್ಟಿನಿಬ್ 80 ಮಿಲಿಗ್ರಾಂ ದಿನಕ್ಕೊಂದು, ಮೂರು ವರ್ಷ ನುಂಗಬೇಕು. ಈಗ ಎರಡೂವರೆ ಆಗಿದೆ. ಬೆಲೆ ಕೇಳಬೇಡಿ. 2024ರ ಜುಲೈ ಬಜೆಟ್ಟಿನಲ್ಲಿ ಇದರ ಮೇಲಿನ ಕಸ್ಟಮ್ಸ್ ಸುಂಕ ತೆಗೆದ ದಿನ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆವು.

ಇಲ್ಲಿ ನನ್ನ ಹಳೆಯ ಕೆಲಸ ಉಪಯೋಗಕ್ಕೆ ಬಂತು. ಒಂದು ಚಳಿಗಾಲ ಕೆಮ್ಮು ಬಂದಾಗ ಬಡಾವಣೆಯ ಕ್ಲಿನಿಕ್‌ನಲ್ಲಿ ಅಜಿಥ್ರೊಮೈಸಿನ್ ಬರೆದರು. ಅಸ್ತಮಾದವರಿಗೆ ಕಫ ಹಳದಿಯಾದರೆ ಎಲ್ಲರೂ ಬರೆಯುವುದೇ. ಆದರೆ ಒಸಿಮರ್ಟಿನಿಬ್ ಹೃದಯದ ಬಡಿತದ ಲಯವನ್ನು ಸ್ವಲ್ಪ ಎಳೆಯುತ್ತದೆ, ಅಜಿಥ್ರೊಮೈಸಿನ್‌ದೂ ಅದೇ ಗುಣ, ಅಸ್ತಾಲಿನ್ ಅತಿಯಾದರೆ ರಕ್ತದ ಪೊಟ್ಯಾಸಿಯಂ ಇಳಿದು ಅದು ಇನ್ನೂ ಕೆಡುತ್ತದೆ. ಚೀಟಿ ಹಿಡಿದುಕೊಂಡು ಹೋಗಿ ಬೇರೆ ಬರೆಸಿಕೊಂಡೆ. ಆ ವೈದ್ಯರಿಗೆ ನಾನು ಒಸಿಮರ್ಟಿನಿಬ್ ನುಂಗುವ ವಿಷಯ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಹಾಗೆಯೇ ಕಡಿಮೆ ಬೆಲೆಯ ಜಿಫಿಟಿನಿಬ್ ಅಥವಾ ಎರ್ಲೋಟಿನಿಬ್ ನುಂಗುವವರು ಗಮನಿಸಿ. ಅಸಿಡಿಟಿಗೆ ನಾವು ಕೇಳದೆ ನುಂಗುವ ಪ್ಯಾಂಟೊಪ್ರಜೋಲ್ ಇವೆರಡನ್ನೂ ಹೊಟ್ಟೆಯಲ್ಲಿ ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ. ಸ್ಟೀರಾಯ್ಡ್ ಮಾತ್ರೆಯ ಜೊತೆ ಹೊಟ್ಟೆಗೆಂದು ಅದನ್ನೇ ಕೊಟ್ಟಿರುತ್ತಾರೆ. ಕ್ಯಾನ್ಸರ್ ವೈದ್ಯರ ಕಡತ ಒಂದು, ಎದೆರೋಗ ವೈದ್ಯರ ಕಡತ ಇನ್ನೊಂದು. ಎರಡನ್ನೂ ಒಂದೇ ಚೀಲದಲ್ಲಿ ಒಯ್ಯಬೇಕಾದವರು ನಾವು. ಈ ಮಾತ್ರೆಗಳಿಂದಲೂ ಅಪರೂಪಕ್ಕೆ ನ್ಯುಮೊನೈಟಿಸ್ ಆಗುತ್ತದೆ, ಹೊಸದಾಗಿ ಒಣ ಕೆಮ್ಮು, ಏದುಸಿರು ಬಂದರೆ ಎರಡು ದಿನ ಕಾಯದೆ ಕ್ಯಾನ್ಸರ್ ವೈದ್ಯರಿಗೆ ತಿಳಿಸಬೇಕು.

ಮೀನಿನ ಪ್ರಸಾದದ ಬಗ್ಗೆ ಹೇಳದೆ ಹೈದರಾಬಾದಿನಲ್ಲಿ ಅಸ್ತಮಾದ ಭಾಷಣ ಮುಗಿಯುವುದಿಲ್ಲ ಎಂದು ಗೊತ್ತು. ಮೃಗಶಿರಾ ಕಾರ್ತೆಗೆ ನಾಂಪಲ್ಲಿ ಎಕ್ಸಿಬಿಷನ್ ಮೈದಾನದಲ್ಲಿ ಬತ್ತಿನಿ ಗೌಡರ ಮನೆತನದವರು ಹಳದಿ ಮದ್ದು ತುಂಬಿದ ಜೀವಂತ ಮರಲ್ ಮೀನು ನುಂಗಿಸುತ್ತಾರೆ, ಮಾಂಸ ತಿನ್ನದವರಿಗೆ ಬೆಲ್ಲದಲ್ಲಿ ಕೊಡುತ್ತಾರೆ. 1845ರಿಂದ ನಡೆದುಬಂದಿದೆ ಎಂದು ಆ ಮನೆತನ ಹೇಳುತ್ತದೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಕೋವಿಡ್‌ನಲ್ಲಿ ನಿಂತದ್ದು 2023ರಲ್ಲಿ ಮತ್ತೆ ಶುರುವಾದಾಗ ನಮ್ಮ ಅಪಾರ್ಟ್‌ಮೆಂಟಿನಿಂದಲೂ ಜನ ಹೋದರು. ನನ್ನನ್ನೂ ಕರೆದರು, ಪ್ರೀತಿಯಿಂದಲೇ. ಅದು ಅಸ್ತಮಾ ಗುಣ ಮಾಡುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ನಂಬಿಕೆಯ ವಿಷಯಕ್ಕೆ ನಾನು ಜಗಳ ಆಡುವವಳಲ್ಲ. ಆದರೆ ಕೀಮೋ ನಡೆಯುತ್ತಿರುವವರು ಹಸಿ ಮೀನು ನುಂಗುವುದೂ, ಸಾವಿರಾರು ಜನ ಕೆಮ್ಮುವ ಸಾಲಿನಲ್ಲಿ ತಾಸುಗಟ್ಟಲೆ ನಿಲ್ಲುವುದೂ ಬೇಡವೇ ಬೇಡ. ಊರಿಂದ ಬಂದ ಬಂಧುಗಳು, ಕ್ಯಾನ್ಸರ್ ಆಸ್ಪತ್ರೆ ಮುಗಿಸಿ ಹಾಗೇ ಅಲ್ಲಿಗೂ ಹೋಗಿಬರೋಣ ಅಂದರೆ, ಆ ಒಂದು ದಿನ ನೀವು ಗಟ್ಟಿಯಾಗಿ ಬೇಡ ಅನ್ನಿ.

ಮನೆಗೆ ಇಂಥವರು ಬಂದಾಗ ಅಗರಬತ್ತಿ, ಸೊಳ್ಳೆ ಬತ್ತಿ ಹಚ್ಚಬೇಡಿ. ಒಗ್ಗರಣೆ ಹಾಕುವಾಗ ಅವರ ಕೋಣೆಯ ಬಾಗಿಲು ಎಳೆದುಕೊಳ್ಳಿ. ಅವರು ಕ್ಷೇಮವಾಗಲಿ ಎಂದು ನಮ್ಮ ಮನೆಯಲ್ಲಿ ಹೋಮ ಇಟ್ಟುಕೊಂಡಿದ್ದರು, ಹೊಗೆಗೆ ನಾನೇ ಮಹಡಿ ಮೇಲೆ ಹೋಗಿ ಕೂತಿದ್ದೆ. ಭಟ್ಟರು ಒಳ್ಳೆಯವರು, ಪ್ರಸಾದ ಮೇಲೆಯೇ ತಂದುಕೊಟ್ಟರು. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳನ್ನು ಯಾವಾಗ ಹಾಕಿಸಬೇಕೆಂದು ವೈದ್ಯರನ್ನು ಕೇಳಿ, ಜೊತೆಗಿರುವ ನೀವೂ ಹಾಕಿಸಿಕೊಳ್ಳಿ. ಅಸ್ತಮಾಕ್ಕೆ ಎರ್ರಗಡ್ಡದ ಸರ್ಕಾರಿ ಎದೆರೋಗ ಆಸ್ಪತ್ರೆ ಇದೆ. ಎರ್ರಗಡ್ಡ ಅಂದರೆ ನಮ್ಮೂರಲ್ಲಿ ಜನ ಬೇರೆ ಆಸ್ಪತ್ರೆ ನೆನೆಸಿಕೊಂಡು ನಗುತ್ತಾರೆ, ನಗಲಿ ಬಿಡಿ.

ನನ್ನ ಮುಂದಿನ ಸಿ.ಟಿ. ಬರುವ ತಿಂಗಳು. ಪ್ರತಿ ಸಲ ಹಿಂದಿನ ವಾರ ನನಗೆ ಕೆಮ್ಮು ಬರುತ್ತದೆ, ಮೊಮ್ಮಗ "ಅಜ್ಜಿ, ಎಣಿಸು" ಅನ್ನುತ್ತಾನೆ, ಇಬ್ಬರೂ ಹತ್ತು ಎಣಿಸಿ ನಿಧಾನ ಉಸಿರು ಬಿಡುತ್ತೇವೆ. ಆಮೇಲೆ ಮೀಟರಿನಲ್ಲಿ ಊದುತ್ತೇನೆ. ಇವತ್ತು ಬೆಳಿಗ್ಗೆ 300 ಇತ್ತು.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ನಿಮ್ಮ ನಿಮ್ಮ ಇನ್ಹೇಲರ್ ಚೀಲದಲ್ಲಿ ತಂದವರು ಊಟಕ್ಕೆ ಮೊದಲು ಈ ಮೇಜಿನ ಹತ್ತಿರ ಬನ್ನಿ, ನಾಚಿಕೆ ಬೇಡ, ಹೇಗೆ ಎಳೆಯುತ್ತೀರಿ ನೋಡೋಣ. ಎಂಟು ಜನರಿಗೆ ಆಗುವಷ್ಟು ಮೀಟರಿನ ಕೊಳವೆಗಳನ್ನೂ ತಂದಿದ್ದೇನೆ.